ಕಳಸಗಿತ್ತಿ ಅಂದ್ರೆ ನಿಜವಾಗಿ ಏನು ಕೆಲಸ? 29ನೇ ವಯಸ್ಸಲ್ಲಿ ಕಳಸ ಹಿಡಿಯಬಹುದಾ?

ಹಾಸನ ಬೈಪಾಸ್

ಎಲ್ಲರಿಗೂ ನಮಸ್ಕಾರ. ಚಿಕ್ಕಮ್ಮನ ಮಗಳ ಮದುವೆ ಮುಂದಿನ ತಿಂಗಳು, ಹಾಸನದಲ್ಲಿ. ಗಂಡಿನ ಕಡೆಯವರು ಅರಸೀಕೆರೆಯವರು. ಛತ್ರ, ಅಡಿಗೆಯವರು, ವಾಲಗ ಎಲ್ಲ ಆಯ್ತು. ಹೋದ ಭಾನುವಾರ ಊಟಕ್ಕೆ ಕೂತಾಗ ಅಜ್ಜಿ ಕೇಳಿದರು: "ಅದೆಲ್ಲ ಸರಿ, ಕಳಸಗಿತ್ತಿ ಯಾರು?"

ಎಲ್ಲರೂ ಮುಖ ಮುಖ ನೋಡಿಕೊಂಡರು. ಮದುವೆ ಹುಡುಗಿ ಹೇಳಿದಳು, "ನನಗೆ ಐದು ಜನ ಬ್ರೈಡ್ಸ್‌ಮೇಡ್ಸ್ ಇದ್ದಾರೆ ಅಜ್ಜಿ." ಐವರೂ ಅವಳ ಆಫೀಸಿನವರು, ಪಿಜಿಯವರು. ಐವರಿಗೂ ಪಿಸ್ತಾ ಹಸಿರು ಲೆಹೆಂಗಾ. ವಾಟ್ಸಾಪ್ ಗ್ರೂಪೂ ಇದೆ. ಅಜ್ಜಿ ಎಲ್ಲ ಕೇಳಿಸಿಕೊಂಡು, ಮಜ್ಜಿಗೆ ಕುಡಿದು, "ಐದು ಜನದಲ್ಲಿ ಕಳಸ ಹಿಡಿಯೋಳು ಯಾರು?" ಅಂತ ಮತ್ತೆ ಅಲ್ಲಿಗೇ ಬಂದರು.

ಕೊನೆಗೆ ನನ್ನ ತಲೆಗೆ ಬಂತು. ಮನೆಯಲ್ಲಿ ಮದುವೆಯಾಗದ ಹುಡುಗಿಯರು ಅಂತ ಉಳಿದಿರುವುದು ನಾನು ಮತ್ತು ಮಾವನ ಮಗಳು. ಅವಳಿಗೆ ಅದೇ ದಿನ ಪರೀಕ್ಷೆ. ನನಗೆ 29. ಹಿಂದೆ ಕಳಸ ಹಿಡಿದಿದ್ದು ಒಂಬತ್ತು ವರ್ಷದವಳಿದ್ದಾಗ, ಸೋದರತ್ತೆ ಮದುವೆಯಲ್ಲಿ. ನೆನಪಿರುವುದು ಎರಡೇ. ಕೈ ನೋವು, ಆಮೇಲೆ ಯಾರೋ ಕೊಟ್ಟ ಬಾದಾಮಿ ಹಾಲು.

ಹಾಗಾಗಿ ಕೇಳ್ತಿದ್ದೀನಿ. ಕಳಸಗಿತ್ತಿ ನಿಜವಾಗಿ ಮಾಡಬೇಕಾದ್ದು ಏನು? ಈ ವಯಸ್ಸಿಗೆ ನಾನು ನಿಂತರೆ ಜನ ನಗ್ತಾರಾ? ಇನ್ನೊಂದು ವಿಷಯ. ಹುಡುಗಿಗೆ ಮನಸ್ಸಲ್ಲಿ ಇರುವುದು ಅವಳ ರೂಮ್‌ಮೇಟ್. ಆರು ವರ್ಷ ಒಂದೇ ರೂಮಲ್ಲಿ ಇದ್ದವರು. ಅವಳು ಮಂಗಳೂರಿನ ಕ್ರಿಶ್ಚಿಯನ್ ಹುಡುಗಿ. ಅವಳು ಕಳಸ ಹಿಡಿಯಬಹುದಾ? ಅಜ್ಜಿ ಹತ್ತಿರ ಕೇಳೋ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಸೋಬಾನೆ ಅತ್ತೆ

ಹೆದರಬೇಡಮ್ಮ. ನಾನೂ ಹಿಡಿದಿದ್ದೀನಿ, ನನ್ನ ಮಗಳೂ ಹಿಡಿದಿದ್ದಾಳೆ. ನಮ್ಮದು ಮಂಡ್ಯ ಕಡೆ. ನಮ್ಮಲ್ಲಿ ಎರಡು ಕಳಸ. ಗಂಡಿನ ಕಡೆಯದು ದಿಬ್ಬಣದ ಜೊತೆ ಬರುತ್ತೆ, ಗಂಡಿನ ತಂಗಿಯೋ ಅಕ್ಕನ ಮಗಳೋ ಹಿಡಿದುಕೊಂಡು ಬರುತ್ತಾಳೆ. ಹೆಣ್ಣಿನ ಕಡೆಯದು ಹೆಣ್ಣಿನ ಪಕ್ಕ. ಹೆಣ್ಣು ಗೌರಿಪೂಜೆಗೆ ಕೂತಾಗಿಂದ ಹಿಡಿದು, ಸೋದರಮಾವ ಮಂಟಪಕ್ಕೆ ಕರ್ಕೊಂಡು ಬರುವಾಗ, ಅಂತರಪಟ ಹಿಡಿದಾಗ, ಧಾರೆ ಮುಗಿಯೋವರೆಗೂ ನೀವು ಅವಳ ಬಲಕ್ಕೋ ಎಡಕ್ಕೋ ಅಂಟಿಕೊಂಡಿರಬೇಕು.

ಕಳಸ ಅಂದ್ರೆ ಹಿತ್ತಾಳೆ ಅಥವಾ ಬೆಳ್ಳಿ ಚೊಂಬು. ಒಳಗೆ ನೀರು ಅಥವಾ ಅಕ್ಕಿ. ಬಾಯಿಗೆ ವೀಳ್ಯದೆಲೆ ಇಲ್ಲಾ ಮಾವಿನ ಎಲೆ. ಮೇಲೆ ಅರಿಶಿನ ಹಚ್ಚಿದ ತೆಂಗಿನಕಾಯಿ, ಕುಂಕುಮ, ಹೂವು. ನೋಡೋಕೆ ಚೆಂದ. ಒಂದೂವರೆ ಗಂಟೆ ಹಿಡಿದರೆ ಗೊತ್ತಾಗುತ್ತೆ.

ನನ್ನ ಮಾತು ಕೇಳಿ, ನೀರು ಹಾಕಬೇಡಿ. ನಿಮ್ಮ ಮನೆ ಪದ್ಧತಿ ಒಪ್ಪೋದಾದರೆ ಅಕ್ಕಿ ಹಾಕಿ. ನನ್ನ ಮಗಳಿಗೆ ನೀರು ತುಂಬಿ ಕೊಟ್ಟಿದ್ದರು, ಅದೂ ಕಂಠದವರೆಗೆ. ದಿಬ್ಬಣದವರ ನೂಕುನುಗ್ಗಲಲ್ಲಿ ಅರ್ಧ ಅವಳ ಸೀರೆ ಮೇಲೆ. ಮೈಸೂರು ಸಿಲ್ಕ್ ಸೀರೆ, ನನ್ನದು! ಮೂರು ದಿನ ಅವಳ ಜೊತೆ ಮಾತಾಡಲಿಲ್ಲ ನಾನು. ತಪ್ಪು ಅವಳದಲ್ಲ ಅಂತ ಗೊತ್ತಿತ್ತು, ಆದರೂ.

ಇನ್ನೊಂದು. ಕಾಯಿಯನ್ನು ಅರಿಶಿನದ ದಾರದಲ್ಲಿ ಚೊಂಬಿನ ಕುತ್ತಿಗೆಗೆ ಸುತ್ತಿ ಕಟ್ಟಿಬಿಡಿ. ಹೂವಿನ ಕೆಳಗೆ ದಾರ ಕಾಣಲ್ಲ.

ಅಕ್ಷರ ಹುಳ

ಕಳಸಗಿತ್ತಿ ಅನ್ನೋ ಪದವೇ ಎಷ್ಟು ಚೆನ್ನಾಗಿದೆ ನೋಡಿ. ಮದುವಣಗಿತ್ತಿ, ಹೂವಾಡಗಿತ್ತಿ, ಬೀಗಗಿತ್ತಿ, ಅದೇ ಸಾಲಿನದು. ಮಲೆನಾಡಿನ ದೀವರ ಮನೆಗಳಲ್ಲಿ ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುವವಳಿಗೆ ಚಿತ್ತಾರಗಿತ್ತಿ ಅಂತಾರೆ. ಮದುವೆಯಲ್ಲಿ ಒಂದೊಂದು ಕೆಲಸಕ್ಕೂ ಒಬ್ಬೊಬ್ಬ ಗಿತ್ತಿ. ನಾವು ಇದನ್ನೆಲ್ಲ ಬಿಟ್ಟು ಬ್ರೈಡ್ಸ್‌ಮೇಡ್ ಅಂತ ಹೇಳಿಕೊಂಡು ಓಡಾಡ್ತೀವಿ. ಬೇಜಾರಾಗುತ್ತೆ.

ಮತ್ತೆ ಅದು 'ಕಲಶಗಿತ್ತಿ' ಅಲ್ಲ, ಕಳಸಗಿತ್ತಿ. ಕಲಶ ಸಂಸ್ಕೃತ, ಕಳಸ ಅದರ ತದ್ಭವ.

ಪುರೋಹಿತರ ಮಗ

ನಮ್ಮಪ್ಪನ ಜೊತೆ ಸುಮಾರು ಮದುವೆ ಓಡಾಡಿದ್ದೀನಿ. ಕಳಸಗಿತ್ತಿಗೆ ವಯಸ್ಸಿನ ಲೆಕ್ಕ ಮಂತ್ರದಲ್ಲಿ ಎಲ್ಲೂ ಬರಲ್ಲ. ಕಳಸಕ್ಕೆ ಮಂತ್ರ ಇದೆ, ಹಿಡಿದವಳಿಗೆ ಇಲ್ಲ. ಮದುವೆಯಾಗದ ಹುಡುಗಿ ಹಿಡಿಯಬೇಕು ಅನ್ನೋದು ಮನೆಮನೆಯ ರೂಢಿ. ಕೆಲವು ಮನೆಗಳಲ್ಲಿ ಮುತ್ತೈದೆ ಹಿಡಿಯುತ್ತಾಳೆ.

ಅಪ್ಪನಿಗೆ ಬೇಕಾದ್ದು ಒಂದೇ. "ಕಳಸ ಎಲ್ಲಮ್ಮ?" ಅಂದ ಕೂಡಲೇ ಕಳಸ ಅಲ್ಲಿರಬೇಕು. ಎಷ್ಟು ಮದುವೆಯಲ್ಲಿ ಕಳಸಗಿತ್ತಿ ಸೆಲ್ಫಿ ತಗೊಳ್ಳೋಕೆ ಹೋಗಿ, ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ಮೈಕಲ್ಲಿ ಕೂಗಿದ್ದೀವಿ ಗೊತ್ತಾ? "ಕಳಸಗಿತ್ತಿ ಎಲ್ಲಿದ್ದರೂ ಮಂಟಪಕ್ಕೆ ಬರಬೇಕು." ಬಸ್‌ಸ್ಟ್ಯಾಂಡಲ್ಲಿ ಕೂಗಿದ ಹಾಗೆ.

29 ಎಲ್ಲ ಒಂದು ವಯಸ್ಸೇ ಅಲ್ಲ. ಸುಮ್ನೆ ನಿಂತ್ಕೊಳ್ಳಿ. ಚಿಕ್ಕ ಮಕ್ಕಳಿಗಿಂತ ನೀವೇ ವಾಸಿ, ಅವರು ನಿದ್ದೆ ಮಾಡಿಬಿಡ್ತಾರೆ.

ಹೆಸರು ಬೇಡ ಬಿಡಿ

ವಯಸ್ಸಿನ ಬಗ್ಗೆ ಜನ ನಗಲ್ಲ ಅಂತ ಸುಳ್ಳು ಹೇಳಬೇಡಿ. ನಾನು 31ಕ್ಕೆ ತಂಗಿ ಮದುವೆಯಲ್ಲಿ ಕಳಸ ಹಿಡಿದಿದ್ದೆ. ಬಂದ ಹೆಂಗಸರಲ್ಲಿ ಅರ್ಧ ಜನ ಮದುಮಗಳನ್ನು ಬಿಟ್ಟು ನನ್ನನ್ನೇ ನೋಡಿದರು. "ಇವಳಿಗೆ ಯಾವಾಗ?" ಅಂತ ನಮ್ಮಮ್ಮನ ಕಿವಿಯಲ್ಲಿ. ಒಬ್ಬರಂತೂ ಕಳಸ ಹಿಡಿದು ನಿಂತಿದ್ದವಳ ಹತ್ತಿರವೇ ಬಂದು ಗೋತ್ರ ಕೇಳಿ ಹೋದರು. ಕೈ ಖಾಲಿ ಇದ್ದಿದ್ದರೆ ಏನಾದರೂ ಮಾಡಿರ್ತಿದ್ದೆ.

ಆದರೂ ನಿಂತದ್ದಕ್ಕೆ ಬೇಜಾರಿಲ್ಲ. ಅಂತರಪಟ ಇಳಿಯುವ ಮುಂಚೆ ತಂಗಿ ಕೈ ನಡುಗುತ್ತಿತ್ತು. ವೀಳ್ಯದೆಲೆಗೆ ಅಂಟಿಸಿದ ಜೀರಿಗೆ ಬೆಲ್ಲ ಅವಳ ಅಂಗೈಲಿ ಕರಗಿ ಹೋಗಿತ್ತು. ಅದನ್ನ ನೋಡಿದ್ದು ಇಡೀ ಛತ್ರದಲ್ಲಿ ನಾನೊಬ್ಬಳೇ. ಸೆರಗಿನ ತುದೀಲಿ ಒರೆಸಿ ಇನ್ನೊಂದು ಎಲೆ ಕೊಟ್ಟೆ.

ಬೆಳಗಾವಿ ಕುಂದಾ

ನಮ್ಮ ಓಣಿ ತುಂಬಾ ಮರಾಠಿ ಮನೆಗಳು. ಅವರಲ್ಲಿ ಇವಳಿಗೆ ಕರವಲಿ ಅಂತಾರ್ರೀ. 'ಕರಾ' ಅಂದ್ರೆ ಸಣ್ಣ ಗಡಿಗೆ. ಅದನ್ನ ಹಿಡಿದು ನಿಲ್ಲೋ ತಂಗಿ ಕರವಲಿ. ಅಲ್ಲಿಯೂ ಹೆಸರು ಗಡಿಗೆಯಿಂದನೇ ಬಂತು ನೋಡ್ರಿ. ಭಾಷಾ ಬೇರೆ, ಕೆಲಸ ಒಂದೇ.

ನಮ್ಮ ಮನಿಯೊಳಗ ಮದುವಿ ಹಿಂದಿನ ದಿನ ಸುರಗಿ ಇರ್ತದ. ನಾಕು ಮೂಲಿಗೆ ತಂಬಿಗಿ ಇಟ್ಟು, ಸುತ್ತ ಹಸಿ ನೂಲು ಸುತ್ತಿ, ನಡುವ ಮದುಮಗಳನ್ನ ಕೂಡ್ರಸ್ತೀವಿ. ಅವಳ ಜೋಡಿ ಒಳಗ ಯಾರು ಕೂಡ್ರಬೇಕು ಅನ್ನೋದಕ್ಕ ಜಗಳ ಆಗೋದು ನಾ ಕಣ್ಣಾರೆ ಕಂಡೀನಿ. ಇನ್ನ ಹೆಸರು ಹೇಳಿಸೋ ಹೊತ್ತಿಗೆ ಗೆಳತ್ಯಾರು ಬೇಕೇ ಬೇಕು. ಗಂಡನ ಹೆಸರು ಕೂಡಿಸಿ ಪ್ರಾಸದಾಗ ಹೇಳೋ ಒಡಪು ಮರತರ ಹಿಂದಿನಿಂದ ಯಾರು ಹೇಳಿಕೊಡಬೇಕು?

ಕುಡ್ಲದ ಪೊಣ್ಣು

ಮೂರನೇ ಪ್ರಶ್ನೆಗೆ ನಾನು ಉತ್ತರ ಹೇಳಬಹುದು, ಯಾಕಂದ್ರೆ ನಾನೂ ಮಂಗಳೂರಿನ ಕಥೋಲಿಕ್ ಹುಡುಗಿ.

ನಮ್ಮ ಕೊಂಕಣಿಯಲ್ಲಿ ಮದುಮಗನ ಜೊತೆಗಾರ ಧೆಡೊ, ಮದುಮಗಳ ಜೊತೆಗಾತಿ ಧೆಡಿ. ನಿಮ್ಮ ಅಕ್ಕನ ರೂಮ್‌ಮೇಟ್‌ಗೆ ಇದೆಲ್ಲ ಹೊಸದೇನಲ್ಲ. ಮದುವೆ ಹಿಂದಿನ ದಿನ ರೋಸ್ ಇರುತ್ತೆ. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಸ್ನಾನ ಮಾಡಿಸುವ ಶಾಸ್ತ್ರ. ಹೆಂಗಸರು ವೊವಿಯೊ ಹಾಡುತ್ತಾರೆ. ಧೆಡಿ ಪಕ್ಕದಲ್ಲೇ ಕೂರಬೇಕು, ಹಾಗಾಗಿ ಅವಳಿಗೂ ಸಾಕಷ್ಟು ತೆಂಗಿನ ಹಾಲು ಬೀಳುತ್ತೆ. ನನಗೆ ಕಸಿನ್ ಮದುವೆಯಲ್ಲಿ ಕಿವಿಯೊಳಗೆ ಹೋಗಿ ಎರಡು ದಿನ ಸರಿಯಾಗಿ ಕೇಳಿಸಲಿಲ್ಲ. ಹುಡುಗರು ಬೇಕಂತಲೇ ಮಾಡ್ತಾರೆ.

ಒಂದು ವ್ಯತ್ಯಾಸ ಇದೆ. ಇಗರ್ಜಿಯಲ್ಲಿ ಮದುವೆಗೆ ಪಾದ್ರಿಗಳ ಜೊತೆ ಇಬ್ಬರು ಸಾಕ್ಷಿಗಳು ಇರಲೇಬೇಕು, ಅದು ಧರ್ಮಸಭೆಯ ಕಾನೂನು. ಹೆಚ್ಚಾಗಿ ಧೆಡೊ, ಧೆಡಿಯೇ ಸಾಕ್ಷಿಗಳಾಗಿ ರಿಜಿಸ್ಟರಿಗೆ ಸಹಿ ಹಾಕುತ್ತಾರೆ. ಹಾಗಾಗಿ ಧೆಡಿ ಅಂದ್ರೆ ಬರೀ ಹೂಗುಚ್ಛ ಹಿಡಿಯೋಳಲ್ಲ. ಸಾಕ್ಷಿಗಳು ಕಥೋಲಿಕರೇ ಆಗಿರಬೇಕು ಅಂತಲೂ ಇಲ್ಲ. ನನ್ನ ಅಕ್ಕನ ರಿಜಿಸ್ಟರಲ್ಲಿ ಸಹಿ ಹಾಕಿದ್ದು ಅವಳ ಬಂಟರ ಗೆಳತಿ. ನಮ್ಮ ಕಡೆ ಯಾರೂ ಏನೂ ಅನ್ನಲಿಲ್ಲ. ನಿಮ್ಮ ಅಜ್ಜಿ ಏನು ಹೇಳ್ತಾರೋ, ನೀವು ಕೇಳದೇ ಹೇಗೆ ಗೊತ್ತಾಗಬೇಕು?

ಹಳೇ ಮೈಸೂರು

ಎಲ್ಲದಕ್ಕೂ ಗೆಳತಿಯರು, ಫ್ರೆಂಡ್ಸು. ಕಳಸ ಹಿಡಿಯೋದು ಮನೆ ಮಗಳ ಹಕ್ಕು. ಅದನ್ನ ಹೊರಗಿನವರಿಗೆ ಕೊಟ್ಟರೆ ನಾಳೆ ಮನೆ ತುಂಬಿಸುವಾಗ ಬಾಗಿಲು ತಡೆಯೋಕೂ ಆಫೀಸಿನವರನ್ನೇ ನಿಲ್ಲಿಸ್ತೀರಾ? ಗಂಡಿನ ಅಕ್ಕ ತಂಗಿಯರು ಬಾಗಿಲು ತಡೆದು "ನಿನ್ನ ಮಗಳನ್ನ ನನ್ನ ಮಗನಿಗೆ ಕೊಡ್ತೀಯಾ" ಅಂತ ಮಾತು ತಗೊಳ್ಳೋದು ಯಾಕೆ? ಅದು ರಕ್ತಸಂಬಂಧದ ಮಾತು. ಸೋದರಿಕೆ ಅಂದ್ರೆ ಸುಮ್ನೆ ಅಲ್ಲ.

ಹೆಸರು ಬೇಡ ಬಿಡಿ

ಸ್ವಾಮಿ, ಬಾಗಿಲು ತಡೆದು ಕೇಳಿದ ಎಷ್ಟು ಮಗಳಂದಿರನ್ನ ಈಗ ಅತ್ತೆ ಮಗನಿಗೆ ಕೊಡ್ತಿದ್ದಾರೆ? ನಮ್ಮ ಮನೆಯಲ್ಲಿ "ಕೊಡ್ತೀನಿ" ಅಂದು ಸಾವಿರ ರೂಪಾಯಿ ಕೈಗಿಟ್ಟು ಒಳಗೆ ಹೋದರು. ಎಲ್ಲರೂ ನಕ್ಕರು. ಶಾಸ್ತ್ರ ಉಳೀತು, ಮಾತು ಹೋಯ್ತು.

ಹಳೇ ಮೈಸೂರು

ಅದಕ್ಕೇ ಹೇಳಿದ್ದು.

ಮಡಿಕೇರಿ ಮಂಜು

ನಮ್ಮ ಕೊಡವ ಮದುವೆಯಲ್ಲಿ ಪುರೋಹಿತರೇ ಇಲ್ಲ, ಹಿರಿಯರೇ ಎಲ್ಲ. ಮದುಮಗನ ಜೊತೆ ಬೋಜಕಾರ, ಮದುಮಗಳ ಜೊತೆ ಬೋಜಕಾರತಿ. ನಮ್ಮ ಮನೆಯಲ್ಲಿ ಬೋಜಕಾರತಿ ಮದುವೆಯಾದ ಹೆಂಗಸೇ. ಸರಿಯಾಗಿ ಸೀರೆ ಉಡಿಸೋಕೆ, ಯಾವಾಗ ಯಾರ ಕಾಲು ಹಿಡೀಬೇಕು ಅಂತ ಹೇಳೋಕೆ ಅನುಭವ ಇರೋರೇ ಬೇಕು. ಹಾಗಾಗಿ ಕನ್ಯೆಯೇ ಆಗಬೇಕು ಅನ್ನೋದು ಎಲ್ಲ ಕಡೆ ಇಲ್ಲ.

ನಮ್ಮಲ್ಲಿ ಕಳಸದ ಬದಲು ನೀರು ತರುವ ಶಾಸ್ತ್ರ ಇದೆ. ಗಂಡಿನ ಮನೆಗೆ ಬಂದ ಮದುಮಗಳು ಬಾವಿಗೆ ಹೋಗಿ ಬಿಂದಿಗೆಯಲ್ಲಿ ನೀರು ತುಂಬಿ ತಲೆ ಮೇಲೆ ಹೊತ್ತು ಬರಬೇಕು. ಗಂಡಿನ ಕಡೆಯವರು ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣೀತಾನೇ ಇರ್ತಾರೆ, ಹೋಗೋಕೆ ಬಿಡಲ್ಲ. ಐವತ್ತು ಹೆಜ್ಜೆ ದಾರಿಗೆ ಎರಡು ಗಂಟೆ ಆಗಿದ್ದೂ ಉಂಟು. ತಲೆ ಮೇಲೆ ಬಿಂದಿಗೆ, ಕೆಳಗೆ ಡಿಸೆಂಬರ್ ಚಳಿ. ಆಗ ಪಕ್ಕದಲ್ಲಿ ಬಿಂದಿಗೆಗೆ ಕೈ ಕೊಡೋಳೇ ದೇವರು. ಅವಳು ಕನ್ಯೆಯೋ ಮುತ್ತೈದೆಯೋ ಅಂತ ಆಗ ಯಾರಿಗೂ ನೆನಪಾಗಲ್ಲ.

ಸಾಲದ ಲೆಹೆಂಗಾ

ನಾನು ಬ್ರೈಡ್ಸ್‌ಮೇಡ್ ಪಕ್ಷದವಳು. ಅಂದ್ರೆ ಬಲಿಪಶು ಪಕ್ಷ. ಹೋದ ವರ್ಷ ಮೂರು ಮದುವೆ. ಮೂರೂ ಕಡೆ 'ಕಲರ್ ಕೋಡ್'. ಒಂದಕ್ಕೆ ಲ್ಯಾವೆಂಡರ್, ಒಂದಕ್ಕೆ ಪೀಚ್, ಇನ್ನೊಂದಕ್ಕೆ ಅದೇ ನಿಮ್ಮ ಪಿಸ್ತಾ ಹಸಿರು. ಒಂದೊಂದಕ್ಕೂ ಆರೂವರೆ ಸಾವಿರದಿಂದ ಮೇಲೆ, ನಮ್ಮ ಜೇಬಿಂದ. ಮೂರೂ ಈಗ ಬೀರುವಿನಲ್ಲಿ ಇವೆ. ಎಲ್ಲಿಗೆ ಹಾಕಿಕೊಂಡು ಹೋಗಲಿ, ತರಕಾರಿ ತರೋಕಾ?

ಅಷ್ಟು ಕೊಟ್ಟು ಮಾಡಿದ ಕೆಲಸ ಏನು? ಹುಡುಗಿ ಒಳಗೆ ಬರುವಾಗ ಮುಂದೆ ಕುಣಿಯೋದು, ಮೂರು ಸಲ. ಯಾಕಂದ್ರೆ ಡ್ರೋನ್‌ಗೆ ಸರಿಯಾಗಿ ಸಿಗಲಿಲ್ಲ. ಧಾರೆ ಹೊತ್ತಿಗೆ ನಮ್ಮನ್ನ ಯಾರೂ ಮಂಟಪದ ಹತ್ತಿರ ಬಿಡಲಿಲ್ಲ. ನಾವು ಐಸ್‌ಕ್ರೀಮ್ ಕೌಂಟರ್ ಹತ್ತಿರ.

ಟೆಕ್ಸಾಸ್ ತಾತ

ಮಗಳ ಮದುವೆ ಇಲ್ಲೇ ಮಾಡಿದೆವು, ಹೋಟೆಲ್ ಹಾಲಿನಲ್ಲಿ. ಇಲ್ಲಿ ಬ್ರೈಡ್ಸ್‌ಮೇಡ್ ಆದವಳು ತನ್ನ ಬಟ್ಟೆ ತಾನೇ ಕೊಂಡುಕೊಳ್ಳಬೇಕು. ಅದೇ ಪದ್ಧತಿ, ಯಾರೂ ತಪ್ಪು ತಿಳಿಯಲ್ಲ. ನನ್ನ ಹೆಂಡತಿಗೆ ಅದು ಕೊನೆಗೂ ಅರ್ಥವಾಗಲಿಲ್ಲ. "ನಮ್ಮ ಮಗಳ ಜೊತೆ ನಿಲ್ಲೋಕೆ ಬಂದ ಹುಡುಗಿ ಹತ್ರ ದುಡ್ಡು ಬಿಚ್ಚಿಸೋದಾ? ನಾವು ಅವಳಿಗೆ ಸೀರೆ ಕೊಡಬೇಕು" ಅಂತ ಹಟ. ನಮ್ಮೂರಲ್ಲಿ ಕಳಸಗಿತ್ತಿಗೆ ಸೀರೆ, ಕುಪ್ಪಸ, ಎಲೆ ಅಡಿಕೆ ಮೇಲೆ ಕಾಣಿಕೆ ಇಟ್ಟು ಕೊಡದೇ ಕಳಿಸೋ ಹಾಗಿಲ್ಲ. ಕೊನೆಗೆ ನಾಲ್ಕು ಜನಕ್ಕೂ ಬೆಂಗಳೂರಿಂದ ಸೀರೆ ತರಿಸಿದಳು. ಅದರಲ್ಲಿ ಇಬ್ಬರು ಅಮೆರಿಕನ್ ಹುಡುಗಿಯರು. ಉಡಿಸೋಕೆ ಒಂದೂವರೆ ಗಂಟೆ, 42 ಪಿನ್ನು. ನಾನೇ ಎಣಿಸಿ ಕೊಟ್ಟಿದ್ದು, ಬೇರೆ ಏನೂ ಕೆಲಸ ಕೊಟ್ಟಿರಲಿಲ್ಲ ನನಗೆ.

ಅವರಲ್ಲಿ ಒಬ್ಬಳು ಕಳಸ ಹಿಡಿದಳು. ಬಂದವರಿಗೆ ಅವಳೇ ವಿವರಿಸ್ತಿದ್ದಳು, ಇದು ಏನು, ಒಳಗೆ ಏನಿದೆ ಅಂತ. ನಮ್ಮ ಮಕ್ಕಳಿಗಿಂತ ಚೆನ್ನಾಗಿ ಹೇಳಿದಳು.

ಅಕ್ಷರ ಹುಳ

ಒಂದೇ ಥರ ಬಟ್ಟೆ ಹಾಕೋದು ಎಲ್ಲಿಂದ ಬಂತು ಅಂತ ಇಂಟರ್ನೆಟ್ಟಲ್ಲಿ ದೆವ್ವದ ಕಥೆ ಓಡಾಡುತ್ತೆ, ದೆವ್ವಕ್ಕೆ ಮದುಮಗಳು ಯಾರು ಅಂತ ಗೊತ್ತಾಗಬಾರದು ಅಂತ. ಅದನ್ನ ಬಿಡಿ. ಗೊತ್ತಿರುವುದು ಹೇಳ್ತೀನಿ. 1840ರ ಫೆಬ್ರವರಿ 10ಕ್ಕೆ ವಿಕ್ಟೋರಿಯಾ ರಾಣಿ ಮದುವೆಯಲ್ಲಿ 12 ಹುಡುಗಿಯರು ಬಿಳಿ ಬಟ್ಟೆ ತೊಟ್ಟು ಅವಳ ಉಡುಪಿನ ಉದ್ದನೆಯ ಸೆರಗು ಹಿಡಿದು ನಡೆದರು. ಅದಕ್ಕೂ ಎಷ್ಟೋ ಹಿಂದೆ, ಹಳೆಯ ರೋಮ್‌ನಲ್ಲಿ ಪ್ರೋನುಬಾ ಅಂತ ಒಬ್ಬಳು ಇರುತ್ತಿದ್ದಳು. ಒಂದೇ ಸಲ ಮದುವೆಯಾದ ಗೃಹಿಣಿ. ಗಂಡು ಹೆಣ್ಣಿನ ಬಲಗೈಗಳನ್ನು ಸೇರಿಸುವುದು ಅವಳ ಕೆಲಸ. ನಮ್ಮ ಮುತ್ತೈದೆ ಇದ್ದ ಹಾಗೆ, ಅಲ್ವಾ? ಅಲ್ಲೂ ಯಾರು ಶುಭ, ಯಾರು ಅಲ್ಲ ಅನ್ನೋ ಲೆಕ್ಕ.

ತೋಟದ ಮನೆ

ಆ ಲೆಕ್ಕದ ಬಗ್ಗೆಯೇ ಬರೀಬೇಕು ಅಂತ ಎರಡು ದಿನದಿಂದ ಅನ್ಕೊಳ್ತಿದ್ದೆ.

ನನ್ನನ್ನ ಬೆಳೆಸಿದ್ದು ನಮ್ಮಕ್ಕ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಭಾವ ತೀರಿಕೊಂಡು ನಾಲ್ಕು ವರ್ಷ ಆಗಿತ್ತು ನನ್ನ ಮದುವೆ ಹೊತ್ತಿಗೆ. ಕಳಸಕ್ಕೆ ನೀರು ತುಂಬಿದ್ದು ಅಕ್ಕ. ಕಾಯಿಗೆ ಅರಿಶಿನ ಹಚ್ಚಿದ್ದು ಅಕ್ಕ. ನನ್ನ ಜಡೆ ಹೆಣೆದದ್ದು, ಮೊಗ್ಗಿನ ಜಡೆ ಕಟ್ಟಿಸಿದ್ದು, ರಾತ್ರಿ ಹಿಮ್ಮಡಿಗೆ ಎಣ್ಣೆ ತಿಕ್ಕಿದ್ದು ಎಲ್ಲ ಅಕ್ಕನೇ. ಬೆಳಗ್ಗೆ ಮುಹೂರ್ತಕ್ಕೆ ಅವಳು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕಳಸ ಹಿಡಿದದ್ದು ನಾನು ಆವರೆಗೆ ಎರಡು ಸಲ ಮಾತ್ರ ನೋಡಿದ್ದ ಒಬ್ಬ ಹುಡುಗಿ, ದೂರದ ನೆಂಟರವಳು.

ಯಾರೂ ಅಕ್ಕನಿಗೆ "ಬರಬೇಡ" ಅನ್ನಲಿಲ್ಲ. ಅವಳೇ ಬರಲಿಲ್ಲ. ನಾನೂ ಕರೆಯಲಿಲ್ಲ. ಅದು ನನ್ನ ತಪ್ಪು. 23 ವರ್ಷ, ಬಾಯಿ ಬರಲಿಲ್ಲ ಅಂತ ಈಗ ಹೇಳಿಕೊಳ್ಳಬಹುದು.

ಹೋದ ವರ್ಷ ನನ್ನ ಮಗಳ ಮದುವೆಯಲ್ಲಿ ಅಕ್ಕನಿಗೆ ಕಳಸ ಕೊಟ್ಟೆ. 60 ದಾಟಿದ ಕಳಸಗಿತ್ತಿ. ಕೆಲವರು ಊಟ ಮಾಡದೇ ಹೋದರು, ಹೋಗಲಿ. ಅಕ್ಕ ಮೊದಲು ಬೇಡ ಅಂದಳು. ಆಮೇಲೆ ಕೇಳಿದ್ದು ಒಂದೇ, "ಕೂತ್ಕೊಂಡು ಹಿಡೀಬಹುದಾ, ಮಂಡಿ ನೋವು." ಕುರ್ಚಿ ಹಾಕಿಸಿದೆವು.

ಸೋಬಾನೆ ಅತ್ತೆ

ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಮನೆಯಲ್ಲೂ ಅಡಿಗೆಮನೆ ಬಾಗಿಲಲ್ಲಿ ಒಬ್ಬರು ನಿಂತಿದ್ದರು.

ಫ್ಲ್ಯಾಶ್ ಬಿತ್ತು

ನಾನು ಮದುವೆ ಫೋಟೋಗ್ರಾಫರ್. ನಮ್ಮ ಕಡೆಯಿಂದ ಒಂದು ಕ್ಷಮೆ. "ಮೇಡಮ್, ಕಳಸ ಸ್ವಲ್ಪ ಪಕ್ಕಕ್ಕೆ" ಅಂತ ಹೇಳೋರು ನಾವೇ. ಕಾಯಿ ಸರಿಯಾಗಿ ಮದುಮಗಳ ಗಲ್ಲದ ಎತ್ತರಕ್ಕೆ ಬರುತ್ತೆ, ತಾಳಿ ಕಟ್ಟುವಾಗ ಅಡ್ಡ. ಕಳಸವನ್ನ ಎದೆಗಿಂತ ಕೆಳಗೆ ಹಿಡಿದು, ಮದುಮಗಳಿಗಿಂತ ಅರ್ಧ ಹೆಜ್ಜೆ ಹಿಂದೆ ನಿಂತರೆ ಇಬ್ಬರೂ ಫೋಟೋದಲ್ಲಿ ಬರ್ತೀರಿ. ಇಲ್ಲದಿದ್ದರೆ ಆಲ್ಬಮ್‌ನಲ್ಲಿ ನಿಮ್ಮದು ಒಂದು ಕೈ, ಒಂದು ಕಾಯಿ ಮಾತ್ರ.

ಗಾಜಿನ ಬಳೆ ತುಂಬಾ ಹಾಕಿಕೊಂಡು ಕಳಸ ಹಿಡೀಬೇಡಿ. ಚೊಂಬಿಗೆ ತಾಗಿ ತಾಗಿ ವಿಡಿಯೋದಲ್ಲಿ ಮಂತ್ರಕ್ಕಿಂತ ಜಾಸ್ತಿ ಅದೇ ಕೇಳಿಸುತ್ತೆ.

ಹಾಸನ ಬೈಪಾಸ್

ಇಷ್ಟೊಂದು ಜನ ಬರೀತೀರಿ ಅನ್ಕೊಂಡಿರಲಿಲ್ಲ. ತೋಟದ ಮನೆಯವರು ಬರೆದದ್ದನ್ನ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅದನ್ನ ಅಜ್ಜಿಗೆ ಹೇಳಿದರು. ಅಜ್ಜಿ ಏನೂ ಅನ್ನಲಿಲ್ಲ. ರಾತ್ರಿ ಮಲಗೋ ಮುಂಚೆ ಮಾತ್ರ, "ಆ ಮಂಗಳೂರು ಹುಡುಗಿ ಮದುವೆಗೆ ಎಷ್ಟು ದಿನ ಮುಂಚೆ ಬರ್ತಾಳೆ?" ಅಂತ ಕೇಳಿದರು. ಮೂರು ದಿನ ಮುಂಚೆ ಅಂದೆ. "ಮಿಕ್ಕ ನಾಲ್ಕು ಜನ?" ಮದುವೆ ದಿನ ಬೆಳಗ್ಗೆ ಅಂದೆ. "ಹ್ಞೂ" ಅಂದು ಮಲಗಿದರು.

ಕಳಸ ನಾನೇ ಹಿಡಿಯೋದು ಅಂತ ಆಗಿದೆ. ಮುಗಿದ ಮೇಲೆ ಬಂದು ಬರೀತೀನಿ. ಚೀಲದಲ್ಲಿ ಏನೇನು ಇಟ್ಕೊಬೇಕು ಹೇಳಿ.

ಸೋಬಾನೆ ಅತ್ತೆ

ಪಿನ್ನು ಎರಡು ಸೈಜಿನದು. ಕರ್ಚೀಫು ನಾಲ್ಕು. ಗ್ಲೂಕೋಸ್ ಬಿಸ್ಕತ್ತು, ಹೆಣ್ಣು ಬೆಳಗ್ಗಿಂದ ಉಪವಾಸ ಇರ್ತಾಳೆ. ಸೂಜಿ ದಾರ, ರವಿಕೆ ಹುಕ್ಕು ಯಾವಾಗ ಬಿಡುತ್ತೋ. ಸ್ಟ್ರಾ ಹಾಕಿದ ನೀರಿನ ಬಾಟಲಿ, ಲಿಪ್‌ಸ್ಟಿಕ್ ಕೆಡಲ್ಲ. ಒಡವೆ ಬಿಚ್ಚಿದಾಗ ಹಾಕೋಕೆ ಜಿಪ್ ಇರೋ ಚೀಲ, ಅದನ್ನ ಯಾರ ಕೈಗೂ ಕೊಡಬೇಡಿ, ಚಿಕ್ಕಮ್ಮ ಕೇಳಿದರೂ. ಬಚ್ಚಲಿಗೆ ಹೋಗಬೇಕಾದರೆ ಹೆಣ್ಣು ಮೊದಲು ನಿಮಗೇ ಹೇಳೋದು, ದಾರಿ ಮೊದಲೇ ನೋಡ್ಕೊಂಡಿರಿ.

ಪುರೋಹಿತರ ಮಗ

ಮತ್ತೆ ಫೋನ್ ಸೈಲೆಂಟ್‌ನಲ್ಲಿ. ಮಾಂಗಲ್ಯ ಧಾರಣೆ ಹೊತ್ತಿಗೆ ಸಿನಿಮಾ ಹಾಡು ಬಂದರೆ ನಮ್ಮಪ್ಪ ಮಂತ್ರ ನಿಲ್ಲಿಸಿ ನೋಡ್ತಾರೆ. ಆ ನೋಟ ನೀವು ತಡ್ಕೊಳ್ಳಲ್ಲ.

ಹಾಸನ ಬೈಪಾಸ್ (ಐದು ವಾರದ ನಂತರ)

ಮದುವೆ ಮುಗೀತು. ವರದಿ ಒಪ್ಪಿಸ್ತಿದ್ದೀನಿ.

ಕಳಸಕ್ಕೆ ಅಕ್ಕಿ ಹಾಕಿದೆವು, ದಾರ ಕಟ್ಟಿದೆವು. ಗಂಡಿನ ಕಡೆ ಕಳಸಗಿತ್ತಿ ಏಳು ವರ್ಷದ ಹುಡುಗಿ, ಗೌರಿಪೂಜೆ ಮುಗಿಯೋ ಹೊತ್ತಿಗೆ ಕುರ್ಚಿಯಲ್ಲೇ ನಿದ್ದೆ. ಅವಳ ಕಳಸವನ್ನೂ ತಂದು ನನ್ನ ಪಕ್ಕ ಇಟ್ಟರು. ನಾನು ಎರಡಕ್ಕೂ ಕಾವಲು.

ಪಿಜಿ ಗೆಳತಿ ಮೂರು ದಿನ ಮುಂಚೆ ಬಂದವಳು ಅಜ್ಜಿ ಜೊತೆ ಕೂತು ಐನೂರು ತಾಂಬೂಲದ ಚೀಲ ಕಟ್ಟಿದಳು. ಎಲೆ ಎಣಿಸೋದು ಹೇಗೆ, ತೊಟ್ಟು ಯಾವ ಕಡೆ ಬರಬೇಕು, ಎಲ್ಲ ಅಜ್ಜಿ ಕಲಿಸಿದರು. ಎರಡನೇ ದಿನಕ್ಕೆ ಅಜ್ಜಿ ಅವಳನ್ನ ಹೆಸರು ಹಿಡಿದು ಕರೆಯೋದು ಬಿಟ್ಟು "ಏ ಹುಡುಗಿ" ಅನ್ನೋಕೆ ಶುರು ಮಾಡಿದರು. ನಮ್ಮನ್ನೂ ಹಾಗೇ ಕರೆಯೋದು.

ಧಾರೆ ಹೊತ್ತಿಗೆ ಅವಳು ಆ ಪಕ್ಕ ಚೀಲ ಹಿಡಿದು, ನಾನು ಈ ಪಕ್ಕ ಕಳಸ ಹಿಡಿದು. ತಾಳಿ ಕಟ್ಟಿದ ಕೂಡಲೇ ಅಕ್ಷತೆ ಬಿತ್ತು ನೋಡಿ, ಹಿಂದಿನಿಂದ ಎಲ್ಲರೂ ನುಗ್ಗಿದರು. ನನ್ನ ಎಡಗೈ ಆಗಲೇ ಜೋಮು ಹಿಡಿದಿತ್ತು. ಕಳಸ ವಾಲಿತು. ದಾರ ಕಟ್ಟಿದ್ದಕ್ಕೆ ಕಾಯಿ ಬೀಳಲಿಲ್ಲ, ಆದರೆ ಚೊಂಬೇ ಜಾರಿತು. ಮದುಮಗಳ ಮಡಿಲ ಮೇಲಿಂದ ಕೈ ಚಾಚಿ ಅವಳು ಹಿಡಿದಳು. ಆಮೇಲೆ ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಸಪ್ತಪದಿ ಮುಗಿಯೋವರೆಗೂ ಅವಳೇ ಹಿಡಿದಿದ್ದಳು. ನಾನು ಚೀಲ ಇಸ್ಕೊಂಡೆ. ಅಜ್ಜಿ ಎದುರಿನ ಸಾಲಲ್ಲೇ ಕೂತಿದ್ದರು. ನೋಡಿದರು, ಪಕ್ಕದವರ ಜೊತೆ ಮಾತು ಮುಂದುವರಿಸಿದರು.

ಸಂಜೆ ಕಳಸಗಿತ್ತಿ ಸೀರೆ ಕೊಡುವಾಗ ಚಿಕ್ಕಮ್ಮ ಒಂದೇ ತಂದಿದ್ದರು. ಅಜ್ಜಿ ಟ್ರಂಕಿಂದ ಇನ್ನೊಂದು ತೆಗೆಸಿದರು. ನನಗೆ ಕೊಟ್ಟದ್ದು ಹೊಸದು, ಸಾದಾ. ಅವಳಿಗೆ ಕೊಟ್ಟದ್ದು ಹಳೇದು, ಜರಿ ಅಂಚಿನದು. ನಾನು ಹತ್ತು ವರ್ಷದಿಂದ ಕಣ್ಣಿಟ್ಟಿದ್ದ ಸೀರೆ ಅದು! ಇದನ್ನ ಇಲ್ಲಿ ಬಿಟ್ಟು ಬೇರೆ ಎಲ್ಲೂ ಹೇಳೋ ಹಾಗಿಲ್ಲ.

ಪಿಸ್ತಾ ಹಸಿರಿನ ನಾಲ್ವರು ಚೆನ್ನಾಗಿ ಕುಣಿದರು. ಪಾಪ, ಹಾಸನದ ಬಿಸಿಲಲ್ಲಿ ಅಷ್ಟು ಭಾರದ ಬಟ್ಟೆ. ಬಡಿಸೋಕೆ ಜನ ಕಮ್ಮಿ ಆದಾಗ ದುಪಟ್ಟಾ ಸೊಂಟಕ್ಕೆ ಕಟ್ಟಿ ಎರಡು ಪಂಕ್ತಿಗೆ ಪಾಯಸ ಬಡಿಸಿದರು. ಹಾಗಾಗಿ ಸಾಲದ ಲೆಹೆಂಗಾ ಅವರೇ, ಐಸ್‌ಕ್ರೀಮ್ ಕೌಂಟರ್ ಬಿಟ್ಟು ಪಂಕ್ತಿ ಕಡೆ ಬನ್ನಿ, ಅಲ್ಲಿ ಯಾವಾಗಲೂ ಜಾಗ ಇರುತ್ತೆ.

ಈಗ ಒಂದು ತೊಂದರೆ. ಎರಡು ಕಳಸ ಅದಲು ಬದಲಾಗಿದೆ. ಅಜ್ಜಿಯ ಹಿತ್ತಾಳೆ ಚೊಂಬಿನ ತಳದಲ್ಲಿ ಅಜ್ಜಿ ಹೆಸರು ಕೆತ್ತಿಸಿದೆ, ಅವರ ಮದುವೆಗೆ ಅವರಪ್ಪ ಕೊಟ್ಟದ್ದು. ಅದು ಅರಸೀಕೆರೆಗೆ ಹೋಗಿದೆ. ನಮ್ಮ ಮನೆಗೆ ಬಂದಿರುವ ಚೊಂಬಿನ ಮೇಲೆ ಯಾರೋ ಬೇರೆ ಅಜ್ಜಿಯ ಹೆಸರಿದೆ. ಬರೋ ಭಾನುವಾರ ಬೀಗರೂಟ. ಅಲ್ಲಿ ಹೋಗಿ ಹೇಗೆ ಕೇಳೋದು? ಕೊಡುವಾಗ ಏನಾದರೂ ಶಾಸ್ತ್ರ ಇದೆಯಾ?

ಸೋಬಾನೆ ಅತ್ತೆ

ಖಾಲಿ ಚೊಂಬು ಕೊಡಬೇಡಿ. ಒಳಗೆ ಅಕ್ಕಿ, ಬೆಲ್ಲದಚ್ಚು ಹಾಕಿ, ಮೇಲೆ ಹೂ ಇಟ್ಟು ಬೀಗಗಿತ್ತಿ ಕೈಗೇ ಕೊಡಿ. ಕೇಳಲೇಬೇಡಿ. ಅವರಿಗೂ ತಳ ತಿರುಗಿಸಿ ನೋಡೋಕೆ ಬರುತ್ತೆ.

ಬೆಳಗಾವಿ ಕುಂದಾ

ಅವರೂ ಇಷ್ಟೊತ್ತಿಗೆ ತಿರುಗಿಸಿ ನೋಡಿ, ಯಾರಿಗಾದರೂ ಇದೇ ಕೇಳ್ತಿರಬೇಕ್ರೀ.

ಹಾಸನ ಬೈಪಾಸ್

ಬೀಗರೂಟಕ್ಕೆ ಹೋಗಿ ಬಂದ್ವಿ. ನಾನು ಚೊಂಬು ತೆಗೆಯೋ ಮುಂಚೆಯೇ ಅವರಮ್ಮ ಒಳಗಿಂದ ನಮ್ಮದನ್ನ ತಂದು ಅಜ್ಜಿ ಕೈಗೆ ಕೊಟ್ಟರು. ಹುಣಸೇಹಣ್ಣು ಹಾಕಿ ತಿಕ್ಕಿ ಬೆಳಗಿದ್ದರು, ಒಳಗೆ ಕೊಬ್ಬರಿ ಮಿಠಾಯಿ. ಅಜ್ಜಿ ಬರ್ತಾ ಕಾರಲ್ಲಿ ತಳ ತಿರುಗಿಸಿ ಹೆಸರು ನೋಡಿಕೊಂಡರು. ಆಮೇಲೆ ಒಂದು ಮಿಠಾಯಿ ಬಾಯಿಗೆ ಹಾಕ್ಕೊಂಡು, "ಸಕ್ಕರೆ ಒಂಚೂರು ಜಾಸ್ತಿ" ಅಂದರು.